ಕಟ್ಟಿದ ಮೇಲೆ ಕಾಯುವವರು ಯಾರು?



2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಬಳಿಯ ತುಂಗಭದ್ರಾ ಅಣೆಕಟ್ಟೆಯಲ್ಲಿ 19ನೇ ಕ್ರಸ್ಟ್‌ಗೇಟಿನ ಚೈನ್ ತುಂಡಾಯಿತು. ಅಣೆಕಟ್ಟೆ ಭರ್ತಿಯಾಗಿದ್ದ ಸಮಯ. ಗೇಟು ಕೊಚ್ಚಿಹೋಗಿ, ಆ ಒಂದೇ ಕಂಡಿಯಿಂದ ಸುಮಾರು 35,000 ಕ್ಯೂಸೆಕ್ ನೀರು ನದಿಗೆ ನುಗ್ಗಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಸುಮಾರು 60 ಅಡಿ ಉದ್ದದ ಉಕ್ಕಿನ ಸ್ಟಾಪ್‌ಲಾಗ್‌ಗಳನ್ನು ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿ, ವಾರದೊಳಗೆ ಆ ಕಂಡಿಯನ್ನು ಮುಚ್ಚಿದರು. ಕ್ರೇನ್ ನಡೆಸಿದವರಿಂದ ಹಿಡಿದು ವೆಲ್ಡಿಂಗ್ ಮಾಡಿದವರವರೆಗೆ ಆ ಕೆಲಸಗಾರರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಆದರೆ ಅಷ್ಟರಲ್ಲಿ ಹತ್ತಾರು ಟಿಎಂಸಿ ನೀರು ಹರಿದುಹೋಗಿತ್ತು.

ಆ ಗೇಟು ಎಪ್ಪತ್ತು ವರ್ಷದಷ್ಟು ಹಳೆಯದಾಗಿತ್ತು. ಅದು ಕೊಚ್ಚಿಹೋದ ಪೆಟ್ಟು ಮರುವರ್ಷವೂ ಬಿತ್ತು. ಉಳಿದ 32 ಗೇಟುಗಳ ಮೇಲೂ ಭರವಸೆ ಉಳಿಯದೆ, 2025ರಲ್ಲಿ 105 ಟಿಎಂಸಿ ಹಿಡಿಯಬಲ್ಲ ಜಲಾಶಯದಲ್ಲಿ ಸುಮಾರು 80 ಟಿಎಂಸಿ ಮಾತ್ರ ನಿಲ್ಲಿಸಿದರು. ಗೇಟು ಬದಲಿಸುವ ಸಲುವಾಗಿ ಎರಡನೇ ಬೆಳೆಗೆ ನೀರಿಲ್ಲ ಎಂದಾಯಿತು. ರಾಯಚೂರು, ಕೊಪ್ಪಳ, ಬಳ್ಳಾರಿಯ ಭತ್ತದ ಗದ್ದೆಗಳು ತೆತ್ತ ಈ ಬೆಲೆ ಯಾವ ಇಲಾಖೆಯ ಲೆಕ್ಕದಲ್ಲೂ ನಿರ್ವಹಣೆಯ ವೆಚ್ಚ ಎಂದು ದಾಖಲಾಗುವುದಿಲ್ಲ.

ಸರ್ಕಾರದ ಬಳಿ ನೀತಿಯೇ ಇಲ್ಲವೇ? ಇದೆ. 1987ರ ರಾಷ್ಟ್ರೀಯ ಜಲನೀತಿಯೇ ಕಟ್ಟಿದ ಕಾಮಗಾರಿಗಳನ್ನು ಸುಸ್ಥಿತಿಯಲ್ಲಿಡಲು ಪ್ರತಿವರ್ಷ ಬಜೆಟ್‌ನಲ್ಲಿ ಹಣ ಇಡಬೇಕು, ನೀರಿನ ದರದಿಂದ ನಿರ್ವಹಣೆಯ ಖರ್ಚಾದರೂ ಹುಟ್ಟಬೇಕು ಎಂದಿತ್ತು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಇನ್ನೂ ಬಿಗಿಯಾಗಿದೆ: ಮುಂಗಾರಿಗೆ ಮೊದಲೊಮ್ಮೆ, ಆಮೇಲೊಮ್ಮೆ ತಪಾಸಣೆ ಕಡ್ಡಾಯ, ದುರಸ್ತಿಗೆಂದೇ ಸಾಕಷ್ಟು ಹಣವನ್ನು ಅಣೆಕಟ್ಟೆಯ ಒಡೆತನ ಹೊಂದಿದವರು ತೆಗೆದಿರಿಸಬೇಕು. ಕಾಯ್ದೆ ಬಂದು ಮೂರು ವರ್ಷ ತುಂಬುವ ಮೊದಲೇ 19ನೇ ಗೇಟು ಹೋಯಿತು. ಹೊಸ ಯೋಜನೆಗೆ ಶಂಕುಸ್ಥಾಪನೆಯುಂಟು, ಉದ್ಘಾಟನೆಯುಂಟು, ಕಲ್ಲಿನ ಮೇಲೆ ಹೆಸರುಂಟು. ಚೈನಿಗೆ ಗ್ರೀಸ್ ಹಾಕಿಸಿದವರ ಹೆಸರು ಎಲ್ಲೂ ಕಾಣುವುದಿಲ್ಲ, ಹಾಕಿಸದವರ ಹೆಸರೂ ಅಷ್ಟೇ. ಈ ಸಮಾವೇಶ ಮುಖ್ಯವಾಗಿ ಎತ್ತಬೇಕಾದ ಪ್ರಶ್ನೆ ಇದು: ಯಾವ ಗೇಟಿಗೆ, ಯಾವ ತೂಬಿಗೆ, ಯಾವ ವಾಲ್ವ್‌ಗೆ ಯಾರು ಹೊಣೆ?

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಉತ್ತರವಿತ್ತು. ಕೆರೆಗೊಬ್ಬ ನೀರುಗಂಟಿ. ತೂಬು ಎತ್ತುವುದು, ಸರದಿಯಂತೆ ಗದ್ದೆಗೆ ನೀರು ಬಿಡುವುದು, ಏರಿಯಲ್ಲಿ ಬಿಲ ಬಿದ್ದರೆ ಊರಿಗೆ ತಿಳಿಸುವುದು ಅವನ ಕೆಲಸ. ಕೆರೆ ನೋಡಿಕೊಳ್ಳುವವರಿಗೆ ಜಮೀನು ಬಿಟ್ಟುಕೊಡುತ್ತಿದ್ದ ಬಿತ್ತುವಟ್ಟ, ಕಟ್ಟುಕೊಡಗೆಗಳು ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟುಪಾಡೂ ಇತ್ತು, ಅದು ಹಾಗೆಯೇ ಮರಳಬೇಕೆಂದು ಯಾರೂ ಬಯಸಬಾರದು. ಆದರೆ ಕೆಲಸದ ಜೊತೆಗೇ ಅದರ ಆದಾಯವನ್ನೂ ಗೊತ್ತುಮಾಡುತ್ತಿದ್ದ ಬುದ್ಧಿ ಇಂದಿಗೂ ಬೇಕು.

ಕರ್ನಾಟಕ 2000ದಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು, ಕಾಲುವೆ ನಿರ್ವಹಣೆಯನ್ನು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ವಹಿಸಲು ಹೊರಟಿತು. ಒಳ್ಳೆಯ ಹೆಜ್ಜೆಯೇ. ಆದರೆ ಮಾನ್ವಿ ಕಡೆಯ ಕಾಲುವೆಯ ಕೊನೆಭಾಗದ ರೈತನಿಗೆ ನೀರೇ ತಲುಪದಿದ್ದರೆ ಅವನು ಕರ ಯಾಕೆ ಕಟ್ಟುತ್ತಾನೆ? ಮೇಲ್ಭಾಗದಲ್ಲಿ ಪಂಪ್ ಇಟ್ಟು ನೀರೆತ್ತುವವರನ್ನು ತಡೆಯುವ ಶಕ್ತಿ ಸಂಘಕ್ಕಿಲ್ಲ, ಇಲಾಖೆಯೇ ಮುಂದೆ ನಿಲ್ಲಬೇಕು.

ಇನ್ನು ನಮ್ಮ ಬೀದಿಗೆ ಬರೋಣ. ಬೆಂಗಳೂರಿನ ಮೂಡಲಪಾಳ್ಯದ ನಲ್ಲಿಗೆ ಬರುವ ಕಾವೇರಿ, ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಪಂಪಿಂಗ್ ಸ್ಟೇಷನ್‌ಗಳನ್ನು ಹಾದು, ಸುಮಾರು ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರ ಏರಿ ಬರುತ್ತದೆ. ಜಲಮಂಡಳಿಯ ಖರ್ಚಿನ ದೊಡ್ಡ ಪಾಲು ಕರೆಂಟ್ ಬಿಲ್ಲಿಗೇ ಹೋಗುತ್ತದೆ. 2014ರಲ್ಲಿ ಪರಿಷ್ಕರಿಸಿದ ದರ ಮತ್ತೆ ಏರಿದ್ದು 2025ರ ಏಪ್ರಿಲ್‌ನಲ್ಲಿ. ಹನ್ನೊಂದು ವರ್ಷ ದರ ಮುಟ್ಟದೆ, ಒಮ್ಮೆಲೇ ಏರಿಸಿ ಜನರ ಕೋಪ ಕಟ್ಟಿಕೊಳ್ಳುವುದಕ್ಕಿಂತ, ಬಡವರ ಮನೆಗೆ ರಿಯಾಯಿತಿ ಇಟ್ಟು ವರ್ಷವರ್ಷ ಅಷ್ಟಿಷ್ಟು ಸರಿಹೊಂದಿಸುವುದು ಪ್ರಾಮಾಣಿಕ ದಾರಿ. 2024ರ ಅಕ್ಟೋಬರ್ 16ರಂದು ಲೋಕಾರ್ಪಣೆಯಾದ ಕಾವೇರಿ ನೀರಿನ ಯೋಜನೆಯ ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರ್ ನೀರು ತರಬಲ್ಲದು. ಆ ಪೈಪು, ಪಂಪುಗಳ ಮೂವತ್ತು ವರ್ಷದ ದುರಸ್ತಿಗೆ ಹಣ ಎಲ್ಲಿಂದ ಎಂಬುದನ್ನು ಈಗಲೇ ಕೇಳಬೇಕು.

ಪಶ್ಚಿಮ ಬೆಂಗಳೂರಿಗೆ ಈ ಪಾಠ ಹೊಸದಲ್ಲ. ಅರ್ಕಾವತಿ, ಕುಮುದ್ವತಿ ಕೂಡುವಲ್ಲಿ 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ ದಶಕಗಳ ಕಾಲ ಈ ಭಾಗಕ್ಕೆ ನೀರುಣಿಸಿತು. ಕಟ್ಟೆ ಗಟ್ಟಿಯಾಗಿಯೇ ನಿಂತಿತು, ಬತ್ತಿದ್ದು ಹೊಳೆ. ಜಲಾನಯನದಲ್ಲಿ ಬಡಾವಣೆ, ಕಾರ್ಖಾನೆ, ಕೊಳವೆಬಾವಿ ಹೆಚ್ಚಿ, ಒಳಹರಿವು ಕುಗ್ಗಿ ಕೊಳಕಾಗಿ, 2012ರಲ್ಲಿ ಅಲ್ಲಿಂದ ಕುಡಿಯುವ ನೀರು ನಿಂತಿತು. ಜಲಾನಯನ ರಕ್ಷಣೆಗೆ 2003ರಲ್ಲಿ ಹೊರಡಿಸಿದ ಆದೇಶವನ್ನು ಸರ್ಕಾರವೇ 2019ರಲ್ಲಿ ಸಡಿಲಿಸಿತು. ನಿರ್ವಹಣೆ ಎಂದರೆ ಕಾಂಕ್ರೀಟಿಗೆ ತೇಪೆ ಹಾಕುವುದಷ್ಟೇ ಎಂದುಕೊಂಡ ನೀತಿಗೆ ಹೊಳೆಯ ದಾರಿ ಕಾಣಲಿಲ್ಲ.

ಆದ್ದರಿಂದ ಈ ಸಮಾವೇಶ ಸರ್ಕಾರದ ಮುಂದಿಡುವ ಬೇಡಿಕೆ ಸರಳ. ಪ್ರತಿ ಅಣೆಕಟ್ಟೆಯ ಮುಂಗಾರುಪೂರ್ವ ತಪಾಸಣಾ ವರದಿ ಕನ್ನಡದಲ್ಲಿ, ಮೇ ಮುಗಿಯುವುದರೊಳಗೆ ಜನರ ಕೈಗೆ ಸಿಗಲಿ. ಅದರಲ್ಲಿ ಕಂಡ ದೋಷ, ಸರಿಪಡಿಸುವ ಗಡುವು, ಹೊಣೆ ಹೊತ್ತ ಅಧಿಕಾರಿಯ ಹುದ್ದೆ ನಮೂದಾಗಿರಲಿ. ಹೊಸ ಯೋಜನೆಗೆ ಮಂಜೂರಾತಿ ಕೊಡುವ ಕಡತದಲ್ಲೇ ಅದರ ನಿರ್ವಹಣಾ ನಿಧಿಯೂ ಸೇರಿರಲಿ. ವಾರ್ಡಿನ ಮಟ್ಟದಲ್ಲಿ ವಾಲ್ವ್‌ಮನ್‌ಗಳಿಗೆ ಕಾಯಂ ನೌಕರಿ, ತರಬೇತಿ ಸಿಗಲಿ. ಮಧ್ಯಾಹ್ನದ ಗೋಷ್ಠಿಯಲ್ಲಿ ಈ ನಿರ್ಣಯಗಳ ಕರಡನ್ನು ಓದಲಾಗುತ್ತದೆ. ತಿದ್ದಬೇಕಾದುದನ್ನು ಎಲ್ಲರೂ ಬರೆದುಕೊಡಬೇಕು.