ಅಂಟು ಬಿಡಿಸುವ ಮುನ್ನ



1952ರಲ್ಲಿ ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ ‘ಗೋಲ್ಡನ್ ಹೈಂಡ್’ ಎಂಬ ಹಾಯಿಹಡಗಿನ ಪುಟ್ಟ ಪ್ಲಾಸ್ಟಿಕ್ ಮಾದರಿಯನ್ನು ಬಿಡಿಭಾಗಗಳಾಗಿ ಚೀಲದಲ್ಲಿ ತುಂಬಿ, ವುಲ್‌ವರ್ತ್ ಅಂಗಡಿಗಳಲ್ಲಿ ಎರಡು ಶಿಲಿಂಗಿಗೆ ಮಾರಿತು. ಮುಂದೆ ಸ್ಪಿಟ್‌ಫೈರ್ ವಿಮಾನ ಬಂತು. ಅಮೆರಿಕದಲ್ಲಿ ರೆವೆಲ್, ಮೋನೋಗ್ರಾಮ್ ಕಂಪನಿಗಳೂ ಇಂಥ ಮಾದರಿಗಳನ್ನು ಮಾರಿದವು. ಆ ಕಾಲದ ಮಕ್ಕಳು ಕೂತು ಜೋಡಿಸಿದ ವಿಮಾನ, ಹಡಗು, ಕಾರುಗಳನ್ನು ಈಗ ಹವ್ಯಾಸಿಗಳು ಹುಡುಕಿ ತಂದು ದುರಸ್ತಿ ಮಾಡುತ್ತಾರೆ. ರೆಕ್ಕೆ ಸೊಟ್ಟಗಿರುತ್ತದೆ, ಬಣ್ಣ ದಪ್ಪವಾಗಿರುತ್ತದೆ, ಸಂದಿನಿಂದ ಒಸರಿದ ಅಂಟು ಹೆಪ್ಪುಗಟ್ಟಿರುತ್ತದೆ. ಇಂಥದ್ದನ್ನು ಮುರಿಯದೆ ಬಿಡಿಸುವುದು ಹೇಗೆ?

ಮೊದಲು ಅಂಟು ಯಾವುದೆಂದು ತಿಳಿಯಬೇಕು. ಈ ಮಾದರಿಗಳಲ್ಲಿ ಹೆಚ್ಚಿನವು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನವು. ಅವುಗಳಿಗೆ ಬಳಸುವ ಅಂಟಿನಲ್ಲಿರುವ ದ್ರಾವಕ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಎರಡೂ ಭಾಗಗಳ ಅಣುಸರಪಳಿಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ದ್ರಾವಕ ಆರಿಹೋದ ಮೇಲೆ ಉಳಿಯುವುದು ಒಂದೇ ತುಂಡು. ಕಮ್ಮಾರ ಎರಡು ಕಬ್ಬಿಣದ ತುಂಡುಗಳನ್ನು ಬೆಸೆದಂತೆ ಇದು ಬೆಸುಗೆ. ಹಾಗಾಗಿ ಅಂಟನ್ನು ಮಾತ್ರ ಕರಗಿಸಿ, ಪ್ಲಾಸ್ಟಿಕ್ಕನ್ನು ಉಳಿಸುವ ಔಷಧಿ ಇಲ್ಲ. ಅಸಿಟೋನ್ ಸುರಿದರೆ ಮಾದರಿಯೇ ಮುದ್ದೆಯಾಗುತ್ತದೆ. ಬಿಸಿಯೂ ಬೇಡ. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಮೆತ್ತಗಾಗುತ್ತದೆ. ಕುದಿನೀರಿಗೆ ಹಾಕಿದ ತೆಳು ರೆಕ್ಕೆ ಸೊಟ್ಟಗಾಗುತ್ತದೆ.

ಆದರೂ ದಾರಿ ಇದೆ. ಹಿಂದೆ ಮಕ್ಕಳು ಟ್ಯೂಬಿನ ಅಂಟನ್ನು ದಪ್ಪವಾಗಿ ಮೆತ್ತುತ್ತಿದ್ದರು. ಭಾಗಗಳನ್ನು ಒತ್ತುವ ಹೊತ್ತಿಗೆ ಅಂಟಿನ ಮೇಲ್ಪದರ ಒಣಗಿರುತ್ತಿತ್ತು. ಇಂಥ ಕಡೆ ಬೆಸುಗೆ ಅಲ್ಲಲ್ಲಿ ಮಾತ್ರ ಹಿಡಿದಿರುತ್ತದೆ. ದುರಸ್ತಿಗಾರನ ಕೆಲಸ ಆ ದುರ್ಬಲ ಜಾಗಗಳನ್ನು ಹುಡುಕುವುದು.

ಎಲ್ಲ ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ, ಬಣ್ಣದ ಗುರುತುಗಳನ್ನೂ ಸೇರಿಸಿ. ಬಣ್ಣ ತೆಗೆಯುವಾಗ ಅವು ಹೋಗುತ್ತವೆ. ಬಳಿಕ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ. ಅದು ಪಾಲಿಸ್ಟೈರೀನನ್ನು ಕರಗಿಸುವುದಿಲ್ಲ, ಆದರೆ ಅನೇಕ ಬಣ್ಣಗಳನ್ನು ಸಡಿಲಿಸುತ್ತದೆ, ಸಂದಿಗೂ ಇಳಿಯುತ್ತದೆ. ಕಾಕ್‌ಪಿಟ್ಟಿನ ಪಾರದರ್ಶಕ ಗಾಜಿನಂಥ ಭಾಗವನ್ನು ಇದರಲ್ಲಿ ನೆನೆಸಬೇಡಿ. ಅದರಲ್ಲಿ ಕೂದಲೆಳೆಯಂಥ ಬಿರುಕು ಏಳಬಹುದು. ಈ ಆಲ್ಕೋಹಾಲ್ ಬೇಗ ಹೊತ್ತಿಕೊಳ್ಳುವ ದ್ರವ. ಗಾಳಿಯಾಡುವ ಕಡೆ, ಬೆಂಕಿಯಿಂದ ದೂರವಿಟ್ಟು ಬಳಸಿ.

ಬಣ್ಣ ಹೋದ ಮೇಲೆ ಸಂದು ಕಾಣುತ್ತದೆ. ಆಗ ಮಾದರಿಯನ್ನು ಚೀಲದಲ್ಲಿ ಕಟ್ಟಿ ಕೆಲವು ಗಂಟೆ ಫ್ರೀಜರಿನಲ್ಲಿಡಿ. ಚಳಿಗೆ ಹಳೆಯ ಅಂಟು ಇನ್ನಷ್ಟು ಪೆಡಸಾಗುತ್ತದೆ. ಹೊರತೆಗೆದ ಕೂಡಲೇ ಸಂದನ್ನು ಮೆಲ್ಲಗೆ ಬಾಗಿಸಿದರೆ ಹಲವೊಮ್ಮೆ ಅಂಟು ಟಕ್ಕೆಂದು ಬಿಡುತ್ತದೆ. ಚೂರು ಹಾರಬಹುದು, ಕನ್ನಡಕ ಧರಿಸಿ. ಫೆವಿಕ್ವಿಕ್ಕಿನಂಥ ಅಂಟಿಗೆ ಈ ಉಪಾಯ ಇನ್ನೂ ಚೆನ್ನಾಗಿ ಒಗ್ಗುತ್ತದೆ. ಅದು ನೇರ ಎಳೆತಕ್ಕೆ ಗಟ್ಟಿ, ಪಕ್ಕದ ಪೆಟ್ಟಿಗೆ ಸೋಲುತ್ತದೆ. ಬಿಳಿ ಅಂಟಿಗಾದರೆ ಉಗುರುಬೆಚ್ಚಗಿನ ನೀರು ಸಾಕು.

ಇಷ್ಟಕ್ಕೂ ಬಿಡದ ಬೆಸುಗೆಗೆ ಅಲಗು ಬೇಕು. ಹೊಸ ಬ್ಲೇಡಿನ ತುದಿಯನ್ನು ಸಂದಿನ ಮೇಲೆ ಹಗುರವಾಗಿ ಮತ್ತೆ ಮತ್ತೆ ಎಳೆಯಿರಿ; ಒತ್ತಿದರೆ ಜಾರುತ್ತದೆ. ಬ್ಲೇಡ್ ಹೋಗದ ಕಡೆ ಗಟ್ಟಿ ಹೊಲಿಗೆ ದಾರವನ್ನು ಗರಗಸದಂತೆ ಎಳೆಯಬಹುದು. ತೆಳು ಗರಗಸವನ್ನೂ ಬಳಸಬಹುದು, ಆದರೆ ಅದು ಕಾಲು ಮಿಲಿಮೀಟರಿನಷ್ಟು ಪ್ಲಾಸ್ಟಿಕ್ ತಿಂದುಬಿಡುತ್ತದೆ. ಮರುಜೋಡಣೆಯಲ್ಲಿ ಅಷ್ಟೇ ದಪ್ಪದ ಪಾಲಿಸ್ಟೈರೀನ್ ಹಾಳೆ ಸೇರಿಸಿ ಆ ಕೊರತೆ ತುಂಬಬೇಕು. ಉಳಿದ ಹಳೆಯ ಬಣ್ಣದಲ್ಲಿ ಸೀಸವಿರಬಹುದು, ಉಪ್ಪು ಕಾಗದವನ್ನು ನೀರಿನಲ್ಲಿ ನೆನೆಸಿಯೇ ಉಜ್ಜಿ.

ಕಾರಿನ ಮಾದರಿಯಾದರೆ ಟೈರುಗಳನ್ನು ಮೊದಲು ನೋಡಿ. ಮೆದು ವಿನೈಲ್ ಟೈರಿನಿಂದ ಒಸರುವ ಎಣ್ಣೆಯಂಥ ಪದಾರ್ಥ ವರ್ಷಗಳಲ್ಲಿ ಪಾಲಿಸ್ಟೈರೀನ್ ಚಕ್ರವನ್ನು ಕರಗಿಸುತ್ತದೆ. ಟೈರನ್ನು ಚಕ್ರದಿಂದ ಬೇರ್ಪಡಿಸಲು ತಡಮಾಡಬಾರದು.

ಕೊನೆಯದಾಗಿ, ಎಲ್ಲ ಸಂದನ್ನೂ ಬಿಡಿಸಬೇಕಿಲ್ಲ. ನೇರವಾಗಿ, ಗಟ್ಟಿಯಾಗಿ ಕೂತಿರುವುದನ್ನು ಹಾಗೇ ಬಿಡಿ. ಸೊಟ್ಟಗಿರುವುದನ್ನು, ಒಳಗಿನ ಕೆಲಸಕ್ಕೆ ಅಡ್ಡ ಬರುವುದನ್ನು ಮಾತ್ರ ತೆರೆಯಿರಿ. ಒಂದು ಉಪಾಯ ಸೋತರೆ ಬಲ ಹೆಚ್ಚಿಸಬೇಡಿ, ಉಪಾಯ ಬದಲಿಸಿ. ಅಂಗಡಿಯಲ್ಲಿ ಇನ್ನು ಸಿಗದ ಮಾದರಿಯ ಒಂದು ಭಾಗ ಮುರಿದರೆ ಬದಲಿ ಸಿಗುವುದು ಕಷ್ಟ. ಆದ್ದರಿಂದ ಅಲಗು ಕೈಗೆತ್ತಿಕೊಳ್ಳುವ ಮುನ್ನ ಆ ಸಂದು ಹೇಗೆ ಬೆಸೆದಿದೆ ಎಂದು ತಿಳಿದುಕೊಳ್ಳಿ.