ಆಣೆಯಿಂದ ಪೈಸೆಗೆ: ಲೆಕ್ಕದ ಭಾಷೆ ಮತ್ತು ಶಾಲೆ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ಈ ಉತ್ಸವದ ಸಿದ್ಧತೆಗಾಗಿ ಶಾಲೆಯ ಹಳೆಯ ಲೆಕ್ಕಪುಸ್ತಕಗಳನ್ನು ಹೊರತೆಗೆದಾಗ ನಮ್ಮ ಗಮನ ಸೆಳೆದುದು ಒಂದು ಸಣ್ಣ ವ್ಯತ್ಯಾಸ. ಮೊದಲಿನ ಪುಸ್ತಕಗಳಲ್ಲಿ ರೂಪಾಯಿ, ಆಣೆ, ಪೈ ಎಂಬ ಮೂರು ಅಂಕಣಗಳಿವೆ. 1957ರ ನಂತರದವುಗಳಲ್ಲಿ ಎರಡೇ. ಆ ಒಂದು ಅಂಕಣ ಅಳಿಸಿಹೋದ ಕಥೆಯನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇವೆ.

ಹಳೆಯ ಪದ್ಧತಿಯಲ್ಲಿ ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ ಅಥವಾ ಹನ್ನೆರಡು ಪೈ. ಅಂದರೆ ಒಂದು ರೂಪಾಯಿಯಲ್ಲಿ 192 ಪೈ. ಇಂದಿನ ಮಕ್ಕಳಿಗೆ ಇದು ವಿಚಿತ್ರವೆನಿಸಬಹುದು. ಆದರೆ ಅದರ ಹಿಂದೆ ಅನುಭವದ ವಿವೇಕವಿತ್ತು. ಹದಿನಾರನ್ನು ನಾಲ್ಕು ಬಾರಿ ಅರ್ಧ ಮಾಡಿದರೂ ಶೇಷ ಉಳಿಯುವುದಿಲ್ಲ. ಅರೆ, ಕಾಲು, ಅರೆಕಾಲು, ವೀಸ ಎಂದು ಎಣಿಸುತ್ತಿದ್ದ ನಮ್ಮ ಹಿರಿಯರ ಬಾಯಿಲೆಕ್ಕಕ್ಕೆ ಅದು ಒಪ್ಪುತ್ತಿತ್ತು. ಹನ್ನೆರಡು ಪೈಗಳ ಆಣೆಯನ್ನು ಮೂವರು ಸಮನಾಗಿ ಹಂಚಿಕೊಳ್ಳಬಹುದಿತ್ತು. ನೂರು ಪೈಸೆಯ ರೂಪಾಯಿಯನ್ನು ಹಾಗೆ ಹಂಚಲಾಗದು.

ತೊಂದರೆಯಿದ್ದುದು ಬರಹದ ಲೆಕ್ಕದಲ್ಲಿ. ಮೂರು ರೂಪಾಯಿ ಹದಿಮೂರಾಣೆ ಏಳು ಪೈಗೆ ಎರಡು ರೂಪಾಯಿ ಆರಾಣೆ ಒಂಬತ್ತು ಪೈ ಕೂಡಿಸಬೇಕೆಂದುಕೊಳ್ಳಿ. ಪೈಗಳನ್ನು ಹನ್ನೆರಡರಿಂದ ಭಾಗಿಸಿ ದಶಕವನ್ನು ಆಣೆಗೆ ಒಯ್ಯಬೇಕು, ಆಣೆಗಳನ್ನು ಹದಿನಾರರಿಂದ ಭಾಗಿಸಿ ರೂಪಾಯಿಗೆ ಒಯ್ಯಬೇಕು. ಆಗ ಆರು ರೂಪಾಯಿ ನಾಲ್ಕಾಣೆ ನಾಲ್ಕು ಪೈ ಎಂಬ ಉತ್ತರ ಬರುತ್ತದೆ. ಬಡ್ಡಿಯ ಲೆಕ್ಕವಾದರೆ ಇನ್ನೂ ಕಷ್ಟ. ಹತ್ತರ ಸ್ಥಾನಬೆಲೆಯನ್ನು ಜಗತ್ತಿಗೆ ಕೊಟ್ಟದ್ದು ಭಾರತ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ಕನ್ನಡದಲ್ಲಿ 'ವ್ಯವಹಾರಗಣಿತ'ವನ್ನು ರಚಿಸಿದ್ದನು. ಆದರೂ ನಮ್ಮ ಹಣ ಮಾತ್ರ ಹತ್ತರ ದಾರಿಗೆ ಬರಲು ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಕಾಯಬೇಕಾಯಿತು. ಅಮೆರಿಕವು 1792ರಲ್ಲಿಯೇ ದಶಮಾಂಶ ನಾಣ್ಯವನ್ನು ಅಂಗೀಕರಿಸಿತ್ತು. ನೆರೆಯ ಸಿಲೋನಿನಲ್ಲಿ 1872ರಿಂದಲೇ ರೂಪಾಯಿಗೆ ನೂರು ಸೆಂಟುಗಳಿದ್ದವು. ನಮ್ಮಲ್ಲಿ 1955ರಲ್ಲಿ ನಾಣ್ಯ ಕಾಯಿದೆಗೆ ತಿದ್ದುಪಡಿಯಾಗಿ, 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆ ಎಂಬ ಪದ್ಧತಿ ಜಾರಿಗೆ ಬಂದಿತು. ಆಳಿದ ಬ್ರಿಟನ್ ಈ ಮಾರ್ಗಕ್ಕೆ ಬಂದುದು 1971ರಲ್ಲಿ, ನಮಗಿಂತ ಹದಿನಾಲ್ಕು ವರ್ಷ ತಡವಾಗಿ.

ಹಳೆಯ ಪೈಸೆಯೊಡನೆ ಗೊಂದಲವಾಗದಿರಲೆಂದು ಹೊಸದನ್ನು 'ನಯಾ ಪೈಸಾ' ಎಂದು ಕರೆದರು. 1964ರ ಜೂನ್‌ನಲ್ಲಿ 'ನಯಾ' ಎಂಬ ಮಾತು ಬಿದ್ದುಹೋಯಿತು. ಕಂಚಿನ ದುಂಡನೆಯ ಒಂದು ಪೈಸೆ, ಅಲೆಯಂಚಿನ ಎರಡು ಮತ್ತು ಹತ್ತು, ಚೌಕಾಕಾರದ ಐದು: ಕೈಯಿಂದ ಮುಟ್ಟಿಯೂ ಗುರುತಿಸಬಹುದಾದ ರೂಪಗಳಿವು. ಹಳೆಯ ಮತ್ತು ಹೊಸ ನಾಣ್ಯಗಳು ಕೆಲಕಾಲ ಜೊತೆಜೊತೆಯಾಗಿಯೇ ಚಲಾವಣೆಯಲ್ಲಿದ್ದವು.

ನಿಜವಾದ ಕಷ್ಟ ಇದ್ದುದು ಇಲ್ಲಿಯೇ. ನಾಲ್ಕಾಣೆಗೆ ಇಪ್ಪತ್ತೈದು ಪೈಸೆ, ಎಂಟಾಣೆಗೆ ಐವತ್ತು: ಇದು ಸುಲಭ. ಆದರೆ ಒಂದಾಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವಿರಲಿಲ್ಲ. ಅರ್ಧಕ್ಕಿಂತ ಹೆಚ್ಚಿನ ಭಾಗವನ್ನು ಒಂದೆಂದು ಎಣಿಸಿ, ಅರ್ಧ ಅಥವಾ ಅದಕ್ಕಿಂತ ಕಡಿಮೆಯದನ್ನು ಬಿಟ್ಟುಬಿಡಬೇಕೆಂಬ ನಿಯಮವಾಯಿತು. ಹಾಗಾಗಿ ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು ಪೈಸೆ. ಮೂರಾಣೆಯ ನಾಲ್ಕು ವಸ್ತುಗಳನ್ನು ಒಂದೊಂದಾಗಿ ಕೊಂಡವನು 76 ಪೈಸೆ ತೆರಬೇಕು. ನಾಲ್ಕನ್ನೂ ಒಟ್ಟಿಗೆ ಕೊಂಡು ಹನ್ನೆರಡಾಣೆಯನ್ನು ಪರಿವರ್ತಿಸಿದವನಿಗೆ 75 ಸಾಕು. ಹದಿನಾರು ಬಾರಿ ಒಂದೊಂದಾಣೆಯನ್ನು ಆರು ಪೈಸೆಯಂತೆ ಪಡೆದ ಕೂಲಿಯವನಿಗೆ ರೂಪಾಯಿಯ ಬದಲು 96 ಪೈಸೆ ಮಾತ್ರ ಕೈಸೇರುತ್ತದೆ. ಆದುದರಿಂದ ಮೊದಲು ಒಟ್ಟು ಕೂಡಿಸಿ, ಬಳಿಕ ಪರಿವರ್ತಿಸಬೇಕೆಂಬುದನ್ನು ಬಲ್ಲವನಿಗೆ ನಷ್ಟವಿಲ್ಲ. ಬಿಡಿಬಿಡಿಯಾಗಿ ಕೊಳ್ಳುವವನೂ ಬಿಡಿಗಾಸಿಗೆ ದುಡಿಯುವವನೂ ಬಡವನೇ ಆಗಿರುವುದರಿಂದ, ಈ ತಿಳಿವಳಿಕೆಯ ಅಗತ್ಯವೂ ಅವನಿಗೇ ಹೆಚ್ಚಾಗಿತ್ತು.

ಆ ತಿಳಿವಳಿಕೆ ಯಾವ ಭಾಷೆಯಲ್ಲಿ ಬರಬೇಕಿತ್ತು? ಹೊಸ ನಾಣ್ಯವು ತನ್ನ ಬೆಲೆಯನ್ನು ತಾನೇ ಹೇಳುತ್ತಿತ್ತು. ಒಂದು ಪೈಸೆಯ ಮೇಲೆ 'ರೂಪಾಯಿಯ ನೂರನೆಯ ಭಾಗ', ಹತ್ತು ಪೈಸೆಯ ಮೇಲೆ 'ರೂಪಾಯಿಯ ಹತ್ತನೆಯ ಭಾಗ' ಎಂಬ ಅರ್ಥದ ಮಾತುಗಳಿದ್ದವು. ಆದರೆ ಅವು ಹಿಂದಿಯಲ್ಲಿ, ನಾಗರಿ ಲಿಪಿಯಲ್ಲಿ ಇದ್ದವು. ನೋಟಿನ ಮೇಲೆ ಕನ್ನಡಕ್ಕೆ ಒಂದು ಸಾಲಿನ ಸ್ಥಳವಿದೆ. ನಾಣ್ಯದ ಮೇಲೆ ಇರಲಿಲ್ಲ.

ನಮ್ಮ ಕಾಸರಗೋಡಿನ ಅಂದಿನ ಸ್ಥಿತಿಯನ್ನು ನೆನೆಯಿರಿ. 1956ರ ನವೆಂಬರ್ 1ರಂದು ಈ ನೆಲವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಐದೇ ತಿಂಗಳಲ್ಲಿ ಕೈಯ ಕಾಸೂ ಬದಲಾಯಿತು. ರಾಜ್ಯ ಹೊಸದು, ಕಚೇರಿಯ ಭಾಷೆ ಹೊಸದು, ನಾಣ್ಯ ಹೊಸದು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಮರಾಠಿಯನ್ನೋ ಆಡುವವರಿಗೂ ಬರಹದ ಲೆಕ್ಕ ಬರುತ್ತಿದ್ದುದು ಕನ್ನಡದಲ್ಲಿ. ಅಂತಹ ಹೊತ್ತಿನಲ್ಲಿ ಆರೂಕಾಲು ಪೈಸೆಯ ಕಾಲು ಎಲ್ಲಿ ಹೋಯಿತೆಂಬುದನ್ನು ಅರ್ಥವಾಗುವ ಮಾತಿನಲ್ಲಿ ಹೇಳಬಲ್ಲ ಸ್ಥಳ ಊರಿನ ಕನ್ನಡ ಶಾಲೆಯೇ ಆಗಿತ್ತು. ತರಗತಿಯಲ್ಲಿ ಹೊಸ ಲೆಕ್ಕ ಕಲಿತ ಮಗು ಅದನ್ನು ಅಂಗಡಿಗೂ ಅಡುಗೆಮನೆಗೂ ಒಯ್ಯಬಲ್ಲದು. ಭಾಷಾ ಮಾಧ್ಯಮವೆಂದರೆ ಅಭಿಮಾನದ ಮಾತು ಮಾತ್ರವಲ್ಲ, ಮೋಸ ಹೋಗದಿರುವ ಉಪಾಯವೂ ಹೌದೆಂದು ನಾವು ನಂಬುವುದು ಇದಕ್ಕಾಗಿಯೇ.

ಬಳಿಕ ಬೆಲೆಗಳು ಏರಿದವು. ಕಂಚು, ನಿಕ್ಕಲುಗಳ ಸ್ಥಾನಕ್ಕೆ ಹಗುರವಾದ ಅಲ್ಯೂಮಿನಿಯಂ ಬಂದಿತು. ಕೊನೆಗೆ 2011ರ ಜೂನ್ 30ರಂದು ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ ನಿಂತಿತು. ಆದರೂ ಹದಿನಾರಾಣೆ ಸತ್ಯ ಎನ್ನುವುದನ್ನು ನಾವು ಬಿಟ್ಟಿಲ್ಲ. ಸರ್ಕಾರದ ಟಂಕಸಾಲೆ ಕರಗಿಸಿದ ಆಣೆಯನ್ನು ನುಡಿಯು ಜೋಪಾನವಾಗಿ ಇರಿಸಿಕೊಂಡಿದೆ.

ಇಂದು ಮಕ್ಕಳು ಬೆಲೆಪಟ್ಟಿಯ ಬಿಂದುವಿನ ಬಲಗಡೆಯ ಅಂಕಿಗಳನ್ನು ಕಾಣುತ್ತಾರೆ, ಆದರೆ ಆ ಪೈಸೆಗಳನ್ನು ಕೈಯಲ್ಲಿ ಹಿಡಿದವರಲ್ಲ. ಹಣ ಮೊಬೈಲಿನೊಳಗೆ ಸಂಖ್ಯೆಯಾಗಿ ಸಂಚರಿಸುತ್ತಿದೆ. ಬಡ್ಡಿ, ಕಂತು, ಶುಲ್ಕಗಳ ನಿಬಂಧನೆಗಳು ನಮ್ಮದಲ್ಲದ ಭಾಷೆಗಳಲ್ಲಿ ಬರುತ್ತಿವೆ. 1957ರ ಪ್ರಶ್ನೆ ಬೇರೆ ವೇಷದಲ್ಲಿ ಮತ್ತೆ ನಮ್ಮೆದುರು ನಿಂತಿದೆ. ಹಿರಿಯ ವಿದ್ಯಾರ್ಥಿಗಳಲ್ಲಿ ನಮ್ಮ ವಿನಂತಿ ಇಷ್ಟೆ: ನಿಮ್ಮ ಮನೆಯ ಹಳೆಯ ನಾಣ್ಯಗಳಲ್ಲಿ ಒಂದೆರಡನ್ನು ಶಾಲೆಗೆ ಕೊಡಿ, ಒಂದು ದಿನ ಬಂದು ವೀಸ, ಅರೆಕಾಲುಗಳ ಮಗ್ಗಿಯನ್ನು ಮಕ್ಕಳಿಗೆ ಹೇಳಿಕೊಡಿ. ಹೊಸ ಲೆಕ್ಕವನ್ನು ಕನ್ನಡದಲ್ಲಿ ತಿಳಿಯಾಗಿ ಕಲಿಸುವ ಹೊಣೆಯನ್ನು ಶಿಕ್ಷಕರಾದ ನಾವು ಹೊರುತ್ತೇವೆ. ಎರಡನೆಯ ಶತಮಾನಕ್ಕೆ ಕಾಲಿಡುವ ಶಾಲೆಗೆ ಇದಕ್ಕಿಂತ ಉಪಯುಕ್ತವಾದ ಸಂಕಲ್ಪವಿಲ್ಲ.