ರೈಲಿನ ಚೀಲದಲ್ಲಿ 'ವಿಜಯಾ' ಔಷಧಿ

ಮನೆಯ ಹಿರಿಯರ ನೋವಿಗೆ ಆಯುರ್ವೇದ ವೈದ್ಯರು ಬರೆದುಕೊಟ್ಟ 'ವಿಜಯಾ' ಎಣ್ಣೆಯನ್ನು ಜೊತೆಗಿಟ್ಟುಕೊಂಡು ಮುಂಬಯಿಯಿಂದ ಊರಿಗೆ ಹೊರಡುವವರು ನಿಮ್ಮಲ್ಲೂ ಇರಬಹುದು. ವಿಜಯಾ ಅಂದರೆ ಭಂಗಿ ಗಿಡದ ಎಲೆ. ಗಿಡಕ್ಕೂ ಎಲೆಗೂ ಗಾಂಜಾಕ್ಕೂ ನಾವು ಭಂಗಿ ಅಂತಲೇ ಅನ್ನುವುದರಿಂದ ಗೊಂದಲ ಜಾಸ್ತಿ.

ಕಾನೂನು ಹಾಗಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಹೂ-ಕಾಯಿ ಬಿಟ್ಟ ತುದಿ ಗಾಂಜಾ, ಅಂಟು ಚರಸ್. ತುದಿ ಸೇರದ ಬರೀ ಎಲೆ ಗಾಂಜಾ ಅಲ್ಲ. ಭಾಂಗ್ ಈ ಕಾಯ್ದೆಗೆ ಒಳಪಡದೆಂದು 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಅರ್ಜಿಯಲ್ಲಿ ಹೇಳಿತು. ನೋವಿಗೆಂದೇ ಗಾಂಜಾ ಇಟ್ಟುಕೊಂಡರೂ ಅಪರಾಧವೇ. 1 ಕಿಲೋ ಒಳಗಿದ್ದರೂ 1 ವರ್ಷದವರೆಗೆ ಜೈಲಾಗಬಹುದು.

ಎಲೆಯ ವಿಷಯ ರಾಜ್ಯಗಳ ಕೈಯಲ್ಲಿದೆ. ರಾಜಸ್ಥಾನದಲ್ಲಿ ಭಾಂಗಿಗೆ ಪರವಾನಗಿ ಪಡೆದ ಅಂಗಡಿಗಳೇ ಇವೆ. ಮಹಾರಾಷ್ಟ್ರದಲ್ಲಿ 1949ರ ಪಾನನಿರೋಧ ಕಾಯ್ದೆ ಅಡ್ಡ ಬರುತ್ತದೆ, ಪರವಾನಗಿ ಬೇಕು.

ಅಮೆರಿಕದ ಹಲವು ರಾಜ್ಯಗಳಲ್ಲಿರುವಂಥ ರೋಗಿಯ ಕಾರ್ಡು ನಮ್ಮಲ್ಲಿಲ್ಲ. ವೈದ್ಯರ ಚೀಟಿ, ಅಂಗಡಿಯ ರಸೀದಿ, ಸೀಲಿನ ಬಾಟಲಿ, ಇವೇ ಆಧಾರ. ಔಷಧ ನಿಯಮಗಳ ಇ(1) ಪಟ್ಟಿಯಲ್ಲಿ ಭಾಂಗ್ ಇರುವುದರಿಂದ 'ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ' ಎಂಬ ಎಚ್ಚರಿಕೆ ಲೇಬಲ್ಲಿನ ಮೇಲೆ ಇರಲೇಬೇಕು. ಅದಿಲ್ಲದ ಬಾಟಲಿಯನ್ನು, ಎಷ್ಟೇ ಪರಿಚಯದವರು ಕೊಟ್ಟರೂ, ಕೊಳ್ಳಬೇಡಿ. ಔಷಧಿಯನ್ನು ಬೇರೆ ಡಬ್ಬಿಗೆ ಸುರಿದುಕೊಂಡೂ ಹೊರಡಬೇಡಿ.